ಕೋಲಾರದ ಮನೆಯಲ್ಲಿ ಒಳ್ಳೆ ಎಸ್ಪ್ರೆಸೊ: ಮೊದಲು ನೀರು, ಕೊನೆಗೆ ಮಷೀನು

ನಮ್ಮ ಕಡೆ ಎಸ್ಪ್ರೆಸೊ ಅಂದರೆ ಬಹಳ ಜನಕ್ಕೆ ಈಗಲೂ ನೆನಪಾಗುವುದು ಕಲ್ಯಾಣ ಮಂಟಪದ ಮಷೀನು. ಆರತಕ್ಷತೆಯ ದಿನ ಊಟದ ಹಾಲ್ ಪಕ್ಕದಲ್ಲಿ ಬುಸ್ ಎಂದು ಹಬೆ ಬಿಡುತ್ತಾ ನಿಂತಿರುತ್ತದೆ. ಇನ್‌ಸ್ಟಂಟ್ ಪುಡಿ, ಸಕ್ಕರೆ, ಹಾಲು ಸೇರಿಸಿ ನೊರೆ ಎಬ್ಬಿಸಿ, ಮೇಲೆ ಚಿಟಿಕೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಾರೆ. ಚಳಿಯ ರಾತ್ರಿ ಅದು ಹಿತವಾಗಿಯೇ ಇರುತ್ತದೆ. ಆದರೆ ಅಲ್ಲಿ ಹಬೆ ಹಾಯುವುದು ಹಾಲಿನೊಳಗೆ. ನಿಜವಾದ ಎಸ್ಪ್ರೆಸೊಗೆ ಬಿಸಿನೀರು ಹಾಯಬೇಕಾದ್ದು ಕಾಫಿ ಪುಡಿಯೊಳಗೆ, ಅದೂ ಭಾರಿ ಒತ್ತಡದಲ್ಲಿ.

ಲೆಕ್ಕ ಚಿಕ್ಕದು. ತುಂಬ ನುಣ್ಣಗೆ ಬೀಸಿದ ಪುಡಿ, 90ರಿಂದ 96 ಡಿಗ್ರಿ ಬಿಸಿಯ ನೀರು, ಸುಮಾರು 9 ಬಾರ್ ಒತ್ತಡ, 25ರಿಂದ 30 ಸೆಕೆಂಡ್. ಇಷ್ಟರಲ್ಲಿ ಒಂದು ಸಣ್ಣ ಲೋಟದ ತಳ ತುಂಬುವಷ್ಟು ಗಟ್ಟಿ ಕಾಫಿ ಇಳಿಯುತ್ತದೆ. ಮೇಲೆ ಜೇನಿನ ಬಣ್ಣದ ತೆಳು ನೊರೆ ಇರುತ್ತದೆ, ಅದಕ್ಕೆ ಕ್ರೆಮಾ ಅನ್ನುತ್ತಾರೆ.

ಈ ಲೆಕ್ಕವನ್ನು ಕೋಲಾರ, ಚಿಕ್ಕಬಳ್ಳಾಪುರದ ಮನೆಯಲ್ಲಿ ಸಾಧಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಮಷೀನು ಹುಡುಕುತ್ತಾರೆ. ಯಾವ ಕಂಪನಿ, ಎಷ್ಟು ಬಾರ್, ಎಷ್ಟು ದುಡ್ಡು ಅಂತ. ನನ್ನ ಮಾತು ಕೇಳಿ, ಆ ಪಟ್ಟಿಯನ್ನು ತಿರುವಿ ಹಾಕಿ. ನೀರು ಮೊದಲು, ಆಮೇಲೆ ಬೀಜ, ಆಮೇಲೆ ಗ್ರೈಂಡರ್, ಎಲ್ಲದರ ನಂತರ ಮಷೀನು. ನಮ್ಮ ಜಿಲ್ಲೆಗಳಲ್ಲಿ ಈ ಕ್ರಮ ತಪ್ಪಿದರೆ ದುಬಾರಿ ಮಷೀನೂ ಸ್ವಲ್ಪ ದಿನದಲ್ಲೇ ಮೂಲೆ ಸೇರುತ್ತದೆ.

ನೀರು

ಮನೆಯ ಗೀಸರ್ ಬಿಚ್ಚಿಸಿದ್ದೀರಾ? ಕಾಯಿಲ್ ಮೇಲೆ ಬೆರಳು ದಪ್ಪ ಬಿಳಿ ಉಪ್ಪು ಕಟ್ಟಿರುತ್ತದೆ. ಬಕೆಟ್, ನಲ್ಲಿ, ಬಾತ್‌ರೂಮಿನ ಟೈಲ್ಸ್, ಎಲ್ಲದರ ಮೇಲೂ ಅದೇ ಕಲೆ. ವರ್ಷವಿಡೀ ಹರಿಯುವ ನದಿ ಇಲ್ಲದ ಊರು ನಮ್ಮದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕಾದಾಗ ಅದು ಕಲ್ಲಾಗಿ ಕೂರುತ್ತದೆ. ಎಸ್ಪ್ರೆಸೊ ಮಷೀನಿನ ಒಳಗಿನ ದಾರಿಗಳು ಗೀಸರ್‌ಗಿಂತ ಎಷ್ಟೋ ಕಿರಿದು. ಕೆಲವು ಕಡೆ ರಂಧ್ರದ ಅಗಲ ಒಂದು ಮಿಲಿಮೀಟರೂ ಇರುವುದಿಲ್ಲ. ಅಲ್ಲಿ ಉಪ್ಪು ಕಟ್ಟಿದರೆ ಕಥೆ ಮುಗಿಯಿತು.

ರುಚಿಯ ಲೆಕ್ಕವೂ ಇದೆ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನೆಲ್ಲ ನುಂಗಿಬಿಡುತ್ತದೆ. ಎಷ್ಟೇ ಒಳ್ಳೆ ಬೀಜ ತಂದರೂ ಕಾಫಿ ಸಪ್ಪೆಯಾಗಿ, ಸೀಮೆಸುಣ್ಣದ ವಾಸನೆ ಹೊಡೆಯುತ್ತದೆ.

ಹಾಗಾಗಿ ಬೋರ್ ನೀರು ಬೇಡ. ಕಾಯಿಸಿ ಆರಿಸಿ ಹಾಕಿದರೂ ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಉಳಿದ ದಾರಿ ಆರ್‌ಒ ನೀರು. ಮನೆಯದಾದರೂ ಸರಿ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನ್ ಆದರೂ ಸರಿ. ಒಂದು ಟಿಡಿಎಸ್ ಮೀಟರ್ ತೆಗೆದುಕೊಳ್ಳಿ. ಪೆನ್ನಿನಷ್ಟು ದೊಡ್ಡದು, ಬೆಲೆಯೂ ಕಡಿಮೆ. ಅದು ನೀರಿನ ಗಡಸುತನವನ್ನು ನೇರವಾಗಿ ಅಳೆಯುವುದಿಲ್ಲ, ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ. ಮನೆ ಬಳಕೆಗೆ ಅಷ್ಟು ಸಾಕು. ಮೀಟರ್ 50ರಿಂದ 150ರ ನಡುವೆ ತೋರಿಸಿದರೆ ಆ ನೀರನ್ನು ಹಾಗೇ ಬಳಸಿ.

ಕೆಲವು ಆರ್‌ಒ ಘಟಕಗಳ ನೀರು 20, 30 ಮಾತ್ರ ತೋರಿಸುತ್ತದೆ. ಆ ನೀರಿನಲ್ಲಿ ಕಾಫಿ ಹುಳಿಹುಳಿಯಾಗಿ, ತೆಳುವಾಗಿ ಬರುತ್ತದೆ. ಜೊತೆಗೆ ಕೆಲವು ಮಷೀನುಗಳ ಬಾಯ್ಲರ್ ಒಳಗೆ ನೀರಿನ ಮಟ್ಟ ಗುರುತಿಸುವ ಕಡ್ಡಿ ಇರುತ್ತದೆ. ಲವಣ ಇಲ್ಲದ ನೀರು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಇದಕ್ಕೆ ಪರಿಹಾರ ಅಡುಗೆ ಸೋಡಾ. ಒಂದು ಟೀ ಚಮಚ ಮಟ್ಟಸವಾಗಿ ತೆಗೆದರೆ ಸುಮಾರು 5 ಗ್ರಾಂ ಬರುತ್ತದೆ. ಅದನ್ನು ಅರ್ಧ ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ, ಮೇಲೆ ಚೀಟಿ ಅಂಟಿಸಿ. ಮಷೀನಿಗೆ ಹಾಕುವ ಪ್ರತಿ ಲೀಟರ್ ನೀರಿಗೆ ಈ ದ್ರಾವಣ ಎರಡು ಟೀ ಚಮಚ, ಅಂದರೆ 10 ಮಿಲಿ. ಲೀಟರ್‌ಗೆ 100 ಮಿಲಿಗ್ರಾಂ ಸೋಡಾ ಆಯಿತು. ನಾಲಿಗೆಗೆ ಗೊತ್ತಾಗುವುದಿಲ್ಲ, ಉಪ್ಪೂ ಕಟ್ಟುವುದಿಲ್ಲ. ಕಾಫಿಯ ಚುರುಕು ಹುಳಿ ಮಾತ್ರ ಮೆತ್ತಗಾಗುತ್ತದೆ.

ಇನ್ನೊಂದು ಎಚ್ಚರ. ಮನೆಯ ಆರ್‌ಒ ಸರ್ವೀಸ್ ಮಾಡುವವರು ಕೆಲವೊಮ್ಮೆ ರುಚಿ ಬರಲಿ ಅಂತ ಟಿಡಿಎಸ್ ಸ್ಕ್ರೂ ತಿರುಗಿಸಿ ಹೋಗುತ್ತಾರೆ. ಅದನ್ನು ತೆರೆದಷ್ಟೂ ಶುದ್ಧ ನೀರಿಗೆ ಬೋರ್ ನೀರು ಬೆರೆಯುತ್ತದೆ. ನಮ್ಮ ಊರಿನಲ್ಲಿ ಅದು ಬೇಡ ಎಂದು ಸ್ಪಷ್ಟವಾಗಿ ಹೇಳಿ.

ಬೀಜ

ಬಾಬಾಬುಡನ್‌ರು ಯೆಮೆನ್ ದೇಶದ ಮೋಕಾದಿಂದ ಏಳು ಬೀಜ ತಂದರು ಎಂದು ಜನ ಹೇಳುವ ಆ ಚಿಕ್ಕಮಗಳೂರಿನ ಗಿರಿ ನಮ್ಮ ರಾಜ್ಯದಲ್ಲೇ ಇದೆ. ಕೊಡಗು, ಹಾಸನ ಪಕ್ಕದಲ್ಲೇ ಇವೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳ ಸಾಲಿನಲ್ಲಿ ಇಟಲಿಯೇ ಮುಂದೆ. ನಮ್ಮ ರೊಬಸ್ಟಾ ಜಾತಿಯ ಕಾಫಿ ಅಲ್ಲಿನ ಎಸ್ಪ್ರೆಸೊ ಬ್ಲೆಂಡ್‌ಗಳಿಗೆ ಹೋಗುತ್ತದೆ. ಆದ್ದರಿಂದ ಬೀಜಕ್ಕೆ ವಿದೇಶಿ ಪ್ಯಾಕೆಟ್ ಹುಡುಕುವ ಅಗತ್ಯವೇ ಇಲ್ಲ.

ಕಾಫಿ ಪುಡಿ ಅಂಗಡಿಗೆ ಹೋದರೆ ಮೂರು ಮಾತು ಹೇಳಿ. ಚಿಕೋರಿ ಬೇಡ. ಪುಡಿ ಮಾಡಬೇಡಿ, ಬೀಜವನ್ನೇ ಕೊಡಿ. ಹುರಿದದ್ದು ಯಾವತ್ತು? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಆ ಅಂಗಡಿಯಲ್ಲಿ ಫಿಲ್ಟರ್ ಪುಡಿ ಮಾತ್ರ ತೆಗೆದುಕೊಳ್ಳಿ. ಎಸ್ಪ್ರೆಸೊ ಬೀಜವನ್ನು ಹುರಿದ ದಿನಾಂಕ ಅಚ್ಚು ಹಾಕಿ ಮಾರುವ ಬೆಂಗಳೂರಿನ, ಚಿಕ್ಕಮಗಳೂರಿನ ರೋಸ್ಟರ್‌ಗಳಿಂದ ತರಿಸಿಕೊಳ್ಳಿ. ಫಿಲ್ಟರ್‌ನಲ್ಲಿ ಚಿಕೋರಿಗೆ ತನ್ನದೇ ಜಾಗವಿದೆ, ನನಗೂ ಇಷ್ಟ. ಎಸ್ಪ್ರೆಸೊದಲ್ಲಿ ಅದು ನೀರು ಕುಡಿದು ಅಂಟಾಗಿ, ಪುಡಿ ಹಾಕುವ ತೂತಿನ ಬಟ್ಟಲಾದ ಬಾಸ್ಕೆಟ್‌ನ ರಂಧ್ರ ಮುಚ್ಚುತ್ತದೆ.

ವ್ಯಾಪಾರದ ಮಾತು ಸ್ವಲ್ಪ ತಿಳಿದಿರಲಿ. ಪ್ಲಾಂಟೇಶನ್ ಅಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ. ಚೆರ್ರಿ ಅಂದರೆ ಹಣ್ಣಿನ ಸಮೇತ ಒಣಗಿಸಿದ್ದು. ರೊಬಸ್ಟಾ ಪಾರ್ಚ್‌ಮೆಂಟ್ ಅಂದರೆ ತೊಳೆದ ರೊಬಸ್ಟಾ. ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡು ಬೀಜ ಇದ್ದರೆ ಅದು ಪೀಬೆರಿ. ಶುರು ಮಾಡುವವರಿಗೆ ನನ್ನ ಸಲಹೆ: ಎಪ್ಪತ್ತು ಪಾಲು ಪ್ಲಾಂಟೇಶನ್ ಎ (ದಪ್ಪ ಬೀಜದ ದರ್ಜೆ), ಮೂವತ್ತು ಪಾಲು ರೊಬಸ್ಟಾ ಪಾರ್ಚ್‌ಮೆಂಟ್, ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚು ಹುರಿದದ್ದು. ರೊಬಸ್ಟಾ ಇದ್ದರೆ ಕ್ರೆಮಾ ದಪ್ಪ ಬರುತ್ತದೆ, ಹಾಲು ಬೆರೆಸಿದರೂ ಕಾಫಿಯ ರುಚಿ ಮುಳುಗುವುದಿಲ್ಲ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜ ಬೇಡ, ಗ್ರೈಂಡರ್‌ಗೆ ಅಂಟುತ್ತದೆ.

ಹುರಿದ ಮರುದಿನವೇ ಬಳಸಬಾರದು. ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದು ನೀರನ್ನು ಹಿಂದಕ್ಕೆ ತಳ್ಳುತ್ತದೆ, ಬರೀ ನೊರೆ ಬರುತ್ತದೆ. ಒಂದು ವಾರ ಬಿಟ್ಟು ಶುರು ಮಾಡಿ, ತಿಂಗಳೊಳಗೆ ಮುಗಿಸಿ. 250 ಗ್ರಾಂ ಪ್ಯಾಕೆಟ್ ಸಾಕು. ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಫ್ರಿಜ್‌ನಲ್ಲಿ ಹುಣಸೆಹಣ್ಣು, ಒಗ್ಗರಣೆ ಸೊಪ್ಪಿನ ಜೊತೆ ಇಟ್ಟರೆ ಬೀಜ ಆ ವಾಸನೆಯನ್ನೆಲ್ಲ ಹೀರುತ್ತದೆ.

ಗ್ರೈಂಡರ್

ಮಿಕ್ಸಿಯಲ್ಲಿ ಆಗುವುದಿಲ್ಲ. ಮಿಕ್ಸಿ ಬ್ಲೇಡ್ ಬೀಜವನ್ನು ಕೊಚ್ಚುತ್ತದೆ. ಅರ್ಧ ಧೂಳು, ಅರ್ಧ ನುಚ್ಚು ಸಿಗುತ್ತದೆ. ನೀರು ನುಚ್ಚಿನ ಸಂದಿಯಿಂದ ಓಡಿಹೋಗುತ್ತದೆ, ಧೂಳು ಕಹಿ ಬಿಡುತ್ತದೆ. ಬೇಕಾದ್ದು ಬರ್ ಗ್ರೈಂಡರ್. ರಾಗಿ ಬೀಸುವ ಕಲ್ಲಿನ ಹಾಗೆ ಎರಡು ಹಲ್ಲಿನ ಚಕ್ರಗಳ ನಡುವೆ ಬೀಜ ನುರಿದು, ಎಲ್ಲ ಕಣವೂ ಹೆಚ್ಚು ಕಡಿಮೆ ಒಂದೇ ಗಾತ್ರ ಬರುತ್ತದೆ. ಚಕ್ರಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಬದಲಿಸುವ ಅನುಕೂಲ ಇರಬೇಕು. ಎಸ್ಪ್ರೆಸೊ ನಿಂತಿರುವುದು ಆ ಒಂದು ತಿರುವಿನ ಮೇಲೆ.

ಅಂಗಡಿಯಲ್ಲೇ ಎಸ್ಪ್ರೆಸೊಗೆ ಪುಡಿ ಮಾಡಿಸಿ ತಂದರೆ ಆಗಲ್ವಾ? ಆಗುವುದಿಲ್ಲ. ಬೀಸಿದ ಕೆಲವೇ ನಿಮಿಷದಲ್ಲಿ ಪರಿಮಳ ಇಳಿಯಲು ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇವತ್ತು ಸರಿಯಾದ ನಯ ಮುಂದಿನ ವಾರ ಸರಿಯಿರುವುದಿಲ್ಲ. ಬೀಜ ಹಳೆಯದಾದಂತೆ ಇನ್ನೂ ನುಣ್ಣಗೆ ಬೀಸಬೇಕು. ಮೋಡ ಕವಿದ ಜುಲೈಗೂ ಒಣಗಾಳಿಯ ಮಾರ್ಚ್‌ಗೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಒಟ್ಟು ಬಜೆಟ್‌ನಲ್ಲಿ ಅರ್ಧ ಗ್ರೈಂಡರ್‌ಗೆ ಇಡಿ. ಕೈಯಲ್ಲಿ ತಿರುಗಿಸುವ ಒಳ್ಳೆ ಗ್ರೈಂಡರ್ ಕಡಿಮೆ ದುಡ್ಡಿನಲ್ಲಿ ಅಚ್ಚುಕಟ್ಟಾಗಿ ಬೀಸುತ್ತದೆ. 18 ಗ್ರಾಂ ಬೀಜ ಬೀಸಲು ತೋಳಿಗೆ ಸ್ವಲ್ಪ ಕೆಲಸ, ಅಷ್ಟೇ.

ಮಷೀನು ಮತ್ತು ಕರೆಂಟು

1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರ ಬರೀ ಹಬೆಯ ಒತ್ತಡದಿಂದ ಓಡುತ್ತಿತ್ತು. ಕಾಫಿ ಬೇಗ ಬರುತ್ತಿತ್ತು, ಆದರೆ ಒತ್ತಡ ಕಡಿಮೆ, ಶಾಖ ಜಾಸ್ತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಊರಿನ ಅಕಿಲೆ ಗಾಜ್ಜಿಯಾ ಸನ್ನೆ ಮತ್ತು ಸ್ಪ್ರಿಂಗ್ ಇಟ್ಟು ಒತ್ತಡ ಹೆಚ್ಚಿಸಿದ. ಕ್ರೆಮಾ ಬಂದದ್ದು ಆಗ. 1961ರಲ್ಲಿ ಫಾಯೆಮಾ ಕಂಪನಿಯ ಇ61 ಆ ಕೆಲಸವನ್ನು ವಿದ್ಯುತ್ ಪಂಪಿಗೆ ಒಪ್ಪಿಸಿತು. ಇವತ್ತು ಮನೆಗೆ ಕೊಳ್ಳಲು ನೋಡಬೇಕಾದ್ದೂ ಈ ಎರಡೇ ಬಗೆ: ಪಂಪಿನದು, ಕೈಯಲ್ಲಿ ಒತ್ತುವುದು.

ಪಂಪಿನ ಮಷೀನು ತಂದರೆ ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆಗೆ ಇರುವ ದೊಡ್ಡ ಸಾಕೆಟ್‌ಗೆ ಹಾಕಿ. 1200, 1500 ವಾಟ್ ಎಳೆಯುತ್ತದೆ. ಮನೆಯ ಯುಪಿಎಸ್ ಲೈನಿಗೆ ಖಂಡಿತ ಬೇಡ. ತೋಟದ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹಳ್ಳಿ ಕಡೆ ವೋಲ್ಟೇಜ್ ಇಳಿಯುತ್ತದಲ್ಲ, ಅದರ ಪೆಟ್ಟು ಇಲ್ಲಿ ಚೆನ್ನಾಗಿ ಕಾಣುತ್ತದೆ. 230 ಇರಬೇಕಾದಲ್ಲಿ 190 ಬಂದರೆ ಕಾಯಿಲ್ ಕೊಡುವ ಶಾಖ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಹಸಿರು ದೀಪ ಹತ್ತಿದ ತಕ್ಷಣ ಶುರು ಮಾಡಬೇಡಿ. ಇನ್ನೂ ಹತ್ತು, ಹದಿನೈದು ನಿಮಿಷ ಬಿಡಿ, ಬಾಸ್ಕೆಟ್ ಕೂರಿಸುವ, ಹಿಡಿ ಇರುವ ಪೋರ್ಟಾಫಿಲ್ಟರ್ ಕೂಡ ಮಷೀನಿಗೇ ಸಿಕ್ಕಿಸಿ ಕಾಯಲು ಬಿಡಿ. ಡಬ್ಬದ ಮೇಲೆ 15 ಬಾರ್, 20 ಬಾರ್ ಎಂದು ಬರೆದಿರುವುದಕ್ಕೆ ಮರುಳಾಗಬೇಡಿ. ಕಾಫಿಗೆ ಬೇಕಾದ್ದು 9.

ನನ್ನ ಒಲವು ಕೈಮಷೀನಿನ ಕಡೆ. ಪದೇ ಪದೇ ಕರೆಂಟು ಹೋಗುವ ಊರಿಗೆ ಅದು ಹೇಳಿ ಮಾಡಿಸಿದ್ದು. ಗ್ಯಾಸ್ ಮೇಲೆ ನೀರು ಕಾಯಿಸಿ, ಸುರಿದು, ಸನ್ನೆ ಒತ್ತಿದರೆ ಆಯಿತು. ಒಳಗೆ ಬಾಯ್ಲರ್ ಇಲ್ಲ, ಉಪ್ಪು ಕಟ್ಟುವ ಜಾಗವೂ ಇಲ್ಲ. ಒಂದು ವಿಷಯ ಮಾತ್ರ ನೆನಪಿಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿವೆ. ಇಲ್ಲಿ ನೀರು ಕುದಿಯುವುದು 100ಕ್ಕಲ್ಲ, 97ರ ಆಸುಪಾಸಿನಲ್ಲಿ. ಕುದಿಸಿ ಒಂದು ನಿಮಿಷ ಆರಲು ಬಿಡಿ ಎಂದು ವಿಡಿಯೊಗಳಲ್ಲಿ ಹೇಳುವುದನ್ನು ಇಲ್ಲಿ ಮಾಡಿದರೆ ನೀರು ತಣ್ಣಗಾಗಿ ಕಾಫಿ ಹುಳಿಯಾಗುತ್ತದೆ. ಕುದಿಯುವ ನೀರನ್ನೇ ಹಾಕಿ, ಅದಕ್ಕೂ ಮೊದಲು ಮಷೀನಿನಲ್ಲಿ ನೀರು ಸುರಿಯುವ ಕೊಳವೆಗೆ ಒಮ್ಮೆ ಬಿಸಿನೀರು ಸುರಿದು ಚೆಲ್ಲಿ.

ಕಾಫಿ ಇಳಿಸುವುದು

ಇಲ್ಲಿಂದ ಒಂದೊಂದೇ ಹೆಜ್ಜೆ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಕೈಗೆಟಕುವಂತಿರಲಿ.

1. 18 ಗ್ರಾಂ ಬೀಜ ತೂಗಿ ಬೀಸಿ. ಬಾಸ್ಕೆಟ್ ಚಿಕ್ಕದಿದ್ದರೆ ಅದರ ಮೇಲೆ ಬರೆದಷ್ಟೇ ಹಾಕಿ. ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ. ಚಿರೋಟಿ ರವೆಗಿಂತ ನಯ, ಮೈದಾಕ್ಕಿಂತ ತರಿ ಇರಬೇಕು.

2. ಬಾಸ್ಕೆಟ್ ಒಣಗಿರಲಿ. ಪುಡಿ ಸುರಿದು, ಕಾರ್ಕಿಗೆ ಚುಚ್ಚಿದ ನಾಲ್ಕೈದು ತೆಳು ಸೂಜಿಗಳಿಂದ ತಳದವರೆಗೂ ಮೆಲ್ಲಗೆ ಕೆದಕಿ. ಗಂಟುಗಳು ಒಡೆಯುತ್ತವೆ. ಈ ಹೆಜ್ಜೆಯನ್ನು ಬಿಡಬೇಡಿ. ಕಾಸಿನ ಖರ್ಚಿಲ್ಲದೆ ಕಾಫಿ ಸುಧಾರಿಸುವ ದಾರಿ ಇದು.

3. ಪುಡಿ ಅದುಮುವ ಟ್ಯಾಂಪರ್ ಇಟ್ಟು ನೇರವಾಗಿ ಒತ್ತಿ. ಎಷ್ಟು ಬಲ ಅನ್ನುವುದು ದೊಡ್ಡ ವಿಷಯವಲ್ಲ, ಪುಡಿ ಇನ್ನು ಕೆಳಗೆ ಇಳಿಯುವುದಿಲ್ಲ ಅನ್ನಿಸುವಷ್ಟು ಸಾಕು. ಮಟ್ಟ ಮಾತ್ರ ಓರೆಯಾಗಬಾರದು. ಓರೆಯಾದರೆ ನೀರು ತೆಳುವಿರುವ ಕಡೆಯಿಂದ ನುಗ್ಗುತ್ತದೆ.

4. ಮಷೀನಿನಿಂದ ಒಂದೆರಡು ಸೆಕೆಂಡ್ ಖಾಲಿ ನೀರು ಬಿಟ್ಟು, ಪೋರ್ಟಾಫಿಲ್ಟರ್ ಸಿಕ್ಕಿಸಿ, ತಡಮಾಡದೆ ಸ್ವಿಚ್ ಒತ್ತಿ. ಲೋಟದ ಕೆಳಗೆ ತಕ್ಕಡಿ. ಸ್ವಿಚ್ ಒತ್ತಿದ ಕ್ಷಣದಿಂದ ಸೆಕೆಂಡ್ ಎಣಿಸಿ.

5. ತಕ್ಕಡಿ 36 ಗ್ರಾಂ ಹತ್ತಿರ ಬಂದಾಗ ನಿಲ್ಲಿಸಿ. ಹಾಕಿದ ಪುಡಿಯ ಎರಡರಷ್ಟು ತೂಕದ ಕಾಫಿ.

ಈಗ ಕಣ್ಣಿಟ್ಟು ನೋಡಿ. ಮೊದಲ ಐದಾರು ಸೆಕೆಂಡ್ ಏನೂ ಬರುವುದಿಲ್ಲ. ಆಮೇಲೆ ಬಾಸ್ಕೆಟ್ ಅಡಿಯಲ್ಲಿ ಕಡು ಕಂದು ಹನಿಗಳು ಮೂಡುತ್ತವೆ, ಒಂದಕ್ಕೊಂದು ಕೂಡಿ ದಪ್ಪ ಎಳೆಯಾಗಿ ಇಳಿಯುತ್ತವೆ. ಎಳೆ ತುಸು ಬಾಗುತ್ತಾ, ನಿಧಾನವಾಗಿ ಬಣ್ಣ ತಿರುಗುತ್ತಾ ಬರುತ್ತದೆ: ಕಡು ಕಂದು, ಕೆಂಪು ಕಂದು, ಕೊನೆಗೆ ಹೊಂಬಣ್ಣ. ಪೂರ್ತಿ ಬಿಳಿಚಿಕೊಂಡಿತು ಅಂದರೆ ಒಳ್ಳೆಯದೆಲ್ಲ ಇಳಿದುಹೋಗಿದೆ, ಇನ್ನು ಬರುವುದು ನೀರು ಮತ್ತು ಕಹಿ. ಪಕ್ಕಕ್ಕೆ ಚಿರ್ ಎಂದು ಸಣ್ಣ ಪಿಚಕಾರಿ ಹಾರಿದರೆ ನೀರು ಪುಡಿಯಲ್ಲಿ ಎಲ್ಲೋ ಕಾಲುವೆ ಕೊರೆದುಕೊಂಡಿದೆ. ಎರಡನೇ, ಮೂರನೇ ಹೆಜ್ಜೆಯಲ್ಲಿ ಇನ್ನಷ್ಟು ಗಮನ ಬೇಕು.

ಚಮಚದಿಂದ ಕಲಕಿ ಕುಡಿಯಿರಿ, ಯಾಕೆಂದರೆ ಲೋಟದ ತಳದಲ್ಲೇ ಗಟ್ಟಿ ಇರುತ್ತದೆ. 15 ಸೆಕೆಂಡಿಗೇ 36 ಗ್ರಾಂ ಬಂದು, ಹುಣಸೆ ನೆಕ್ಕಿದಂತೆ ನಾಲಿಗೆಯ ಪಕ್ಕ ಜುಮ್ ಅಂದರೆ ಇನ್ನೂ ನುಣ್ಣಗೆ ಬೀಸಿ. 45 ಸೆಕೆಂಡ್ ತಗೊಂಡು, ಬಾಯಿ ಒಗರಾಗಿ ಒಣಗಿದರೆ ಸ್ವಲ್ಪ ತರಿ ಮಾಡಿ. ಒಮ್ಮೆಗೆ ಒಂದೇ ಬದಲಾವಣೆ. ಪುಡಿಯ ತೂಕ, ಕಾಫಿಯ ತೂಕ ಎರಡನ್ನೂ ಹಾಗೇ ಹಿಡಿದಿಟ್ಟು ಗ್ರೈಂಡರ್ ಮಾತ್ರ ತಿರುಗಿಸಿ. ಸಮಯ ಸರಿಯಾಗಿ ಬಂದರೂ ಹುಳಿ ಜಾಸ್ತಿ ಅನಿಸಿದರೆ 36ರ ಬದಲು 40 ಗ್ರಾಂ ತನಕ ಬಿಡಿ. ಹೊಸ ಪ್ಯಾಕೆಟ್ ಒಡೆದಾಗ ಮೊದಲ ಎರಡು ಮೂರು ಲೋಟ ಈ ಹೊಂದಾಣಿಕೆಗೇ ಹೋಗುತ್ತವೆ. ಅದು ದಂಡವಲ್ಲ, ಅವಕ್ಕೆ ಬಿಸಿಹಾಲು ಬೆರೆಸಿ ಮನೆಯವರಿಗೆ ಕೊಡಿ.

ಇಟಲಿಯಲ್ಲಿ ಈ ಅಳತೆ ಇನ್ನೂ ಚಿಕ್ಕದು. ಅಲ್ಲಿನ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಒಂದು ಲೋಟಕ್ಕೆ 7 ಗ್ರಾಂ ಪುಡಿ, 25 ಸೆಕೆಂಡ್, 25 ಮಿಲಿ ಎನ್ನುತ್ತದೆ. ಜನ ಕೌಂಟರ್ ಮುಂದೆ ನಿಂತೇ ಎರಡು ಮೂರು ಗುಟುಕಿಗೆ ಕುಡಿದು ಹೊರಡುತ್ತಾರೆ. ಸಕ್ಕರೆ ಹಾಕಿಕೊಳ್ಳುವವರು ಅಲ್ಲೂ ಬೇಕಾದಷ್ಟು ಜನ ಇದ್ದಾರೆ. ಸಕ್ಕರೆ ಹಾಕಿದರೆ ಕಾಫಿ ಗೊತ್ತಿಲ್ಲದವರು ಅಂದುಕೊಳ್ಳುವ ಜಂಬ ನಮಗೂ ಬೇಡ. ಕಾಫಿ ಬೇಕೆಂದವರಿಗೆ ಅವರಿಗೆ ಹಿಡಿಸುವ ಹಾಗೆ ಮಾಡಿಕೊಡುವುದೇ ನಮ್ಮ ಮನೆಗಳ ರೂಢಿ.

ಹಾಲು

ಹಾಲಿನ ವಿಷಯದಲ್ಲಿ ಕೋಲಾರ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನೊರೆಗೆ ಬೇಕಾದ್ದು ಫ್ರಿಜ್‌ನಿಂದ ಆಗತಾನೆ ತೆಗೆದ ತಣ್ಣನೆಯ ಹಾಲು. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ ಆದ್ದರಿಂದ ಮತ್ತೆ ಕಾಯಿಸದೆ ನೇರ ಬಳಸಬಹುದು. 3 ಶೇಕಡ ಕೊಬ್ಬಿನ ನಂದಿನಿ ನೀಲಿ ಪ್ಯಾಕೆಟ್ ಚೆನ್ನಾಗಿ ನೊರೆ ಕಟ್ಟುತ್ತದೆ, ಕೊಬ್ಬು ಜಾಸ್ತಿ ಇರುವ ಹಾಲು ರುಚಿ ಕೊಡುತ್ತದೆ. ಮನೆ ಹಸುವಿನ ಹಾಲೋ ಪಕ್ಕದ ಮನೆಯಿಂದ ಕರೆದು ತಂದದ್ದೋ ಆದರೆ ಕಡ್ಡಾಯವಾಗಿ ಕಾಯಿಸಿ, ಪೂರ್ತಿ ತಣ್ಣಗೆ ಮಾಡಿ, ಕೆನೆ ತೆಗೆದು ಬಳಸಿ.

ಪಂಪಿನ ಮಷೀನಾದರೆ ಅದರ ಹಬೆಯ ನಳಿಗೆಯಿಂದ ಮೊದಲು ನೀರು ಹೊರಗೆ ಬಿಡಿ. ತುದಿಯನ್ನು ಹಾಲಿನ ಮೇಲ್ಮೈಗೆ ತಾಗುವಷ್ಟೇ ಇಟ್ಟು ಹಬೆ ತೆರೆಯಿರಿ. ಸರ್ ಸರ್ ಎಂಬ ಮೆಲ್ಲನೆ ಸದ್ದು ಬರಬೇಕು. ಪಾತ್ರೆ ಉಗುರು ಬೆಚ್ಚಗೆ ಆಗುವ ತನಕ ಗಾಳಿ ಸಾಕು. ಆಮೇಲೆ ತುದಿಯನ್ನು ಸ್ವಲ್ಪ ಮುಳುಗಿಸಿ ಹಾಲು ಸುಳಿ ತಿರುಗುವಂತೆ ಹಿಡಿಯಿರಿ. ಪಾತ್ರೆ ಮುಟ್ಟಲಾರದಷ್ಟು ಬಿಸಿಯಾದಾಗ ನಿಲ್ಲಿಸಿ, ಅದು 60, 65 ಡಿಗ್ರಿ. ನಮ್ಮ ಹಿರಿಯರಿಗೆ ಇದು ತಣ್ಣನೆ ಕಾಫಿ ಅನಿಸುತ್ತದೆ. ಹಾಗನಿಸಿದರೆ ಅವರ ಪಾಲಿನ ಹಾಲನ್ನು ಒಲೆ ಮೇಲೆ ಉಕ್ಕಿಸಿ, ಅದಕ್ಕೇ ಎಸ್ಪ್ರೆಸೊ ಸುರಿದು, ಒಂದೆರಡು ಸಲ ಎತ್ತಿ ಹೊಯ್ದು ಕೊಡಿ. ಚಿಕೋರಿ ಇಲ್ಲದ ಡಿಕಾಕ್ಷನ್ ಕಾಫಿಗಿಂತ ಅದು ಗಟ್ಟಿಯಾಗೇ ಇರುತ್ತದೆ.

ತೊಳೆಯುವುದು

ಹಬೆ ನಳಿಗೆಯನ್ನು ಹಾಲು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಹಬೆ ಬಿಡಿ. ಬಾಸ್ಕೆಟ್ಟನ್ನು ಪ್ರತಿ ಸಲ ತೊಳೆಯಿರಿ. ಕಾಫಿಯ ಎಣ್ಣೆ ಕೂತರೆ ಮರುದಿನದ ಲೋಟದಲ್ಲಿ ಕಮಟು ವಾಸನೆ ಬರುತ್ತದೆ. ಗಷ್ಟನ್ನು ಸಿಂಕಿಗೆ ಹಾಕಬೇಡಿ, ಪೈಪು ಕಟ್ಟುತ್ತದೆ. ಗೊಬ್ಬರದ ಗುಂಡಿಗೆ ಸೇರಿಸಿ.

ನೀರು ಸರಿಯಾಗಿದ್ದರೂ ಮೂರು ನಾಲ್ಕು ತಿಂಗಳಿಗೊಮ್ಮೆ ಮಷೀನಿನ ಒಳಗಿನ ಉಪ್ಪು ತೆಗೆಯಬೇಕು. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಲೀಟರ್ ನೀರಿಗೆ 20 ಗ್ರಾಂ ಕರಗಿಸಿ ಒಳಗೆ ಬಿಟ್ಟು, ಇಪ್ಪತ್ತು ನಿಮಿಷ ನಿಲ್ಲಿಸಿ, ಆಮೇಲೆ ಎರಡು ಟ್ಯಾಂಕ್ ಶುದ್ಧ ನೀರು ಓಡಿಸಿ. ಒಳಗೆ ಅಲ್ಯುಮಿನಿಯಂ ಇರುವ ಕೆಲವು ಮಷೀನುಗಳಿಗೆ ಇದು ಆಗಿಬರುವುದಿಲ್ಲ, ಆದ್ದರಿಂದ ಮಷೀನಿನ ಜೊತೆ ಬಂದ ಕೈಪಿಡಿಯನ್ನು ಮೊದಲು ಓದಿ. ಪೋರ್ಟಾಫಿಲ್ಟರ್ ಸುತ್ತ ನೀರು ಜಿನುಗಲು ಶುರುವಾದರೆ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿದೆ ಎಂದರ್ಥ. ಅದನ್ನು ಮನೆಯಲ್ಲೇ ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿ ಹೊಸದು ಕೂರಿಸಬಹುದು. ಅಳತೆ ಸರಿಯಾಗಿ ನೋಡಿ ತರಿಸಿ, ಒಂದು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.